ಸೊಂಟಕ್ಕೆ ಕೊಟ್ಟ ಕಾಲು

ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ, ಆದರೆ ನನ್ನ ಸೊಸೆ ಕಾವ್ಯಶ್ರೀಯದು ಒಂದು ಕೈ ಹೆಚ್ಚು. ಮೊರಕ್ಕೆ ಕಾಲು ತಾಗಿದರೂ ಒತ್ತಿಕೊಳ್ಳುತ್ತಾಳೆ, ಪೊರಕೆಗೆ ತಾಗಿದರೂ ಒತ್ತಿಕೊಳ್ಳುತ್ತಾಳೆ. ಇಂಥ ಸೊಸೆ ಕಟ್ಟೆಮಳಲವಾಡಿಯಲ್ಲೇ ಇಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಆ ಪದ್ಧತಿಯೇ ಹೆರಿಗೆ ಕೋಣೆಯಲ್ಲಿ ಅಡ್ಡ ಬಂದು ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ತಾಯಿಯಿಲ್ಲದ ಹುಡುಗಿ. ಹಾಗಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ಮಾತೇ ಬರಲಿಲ್ಲ, ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು. ಮಗ ಶಿವಶಂಕರ್ ವರಾಂಡದಲ್ಲಿ ಫ್ಲಾಸ್ಕ್ ಹಿಡಿದು ಓಡಾಡುತ್ತಿದ್ದ. ಯಾರೂ ಕುಡಿಯದ ಕಾಫಿ ಹಿಡಿದು ಇವನೇಕೆ ಹೀಗೆ ಸುತ್ತುತ್ತಾನೆ ಎಂದು ನನಗೆ ಸಿಟ್ಟು. ಯಾವುದಕ್ಕಾದರೂ ಸಿಟ್ಟು ಮಾಡಿಕೊಳ್ಳದಿದ್ದರೆ ನನಗೆ ಹೆದರಿಕೆ ತಡೆಯಲಾಗುವುದಿಲ್ಲ.

ಸಿಸ್ಟರ್ ಹೆಸರು ಸಂಘಮಿತ್ರ, ಕೋಟೆ ಕಡೆಯವರು. ಹೆರಿಗೆ ಮಂಚದ ಕಾಲಿಡುವ ಕಬ್ಬಿಣದ ಆಸರೆಗಳನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು ಕಾವ್ಯಳನ್ನು ಒರಗಿಸಿ ಕೂರಿಸಿದರು. ಅವಳ ಒಂದು ಪಾದವನ್ನು ತಮ್ಮ ಸೊಂಟಕ್ಕೆ ಇಟ್ಟುಕೊಂಡರು, ಇನ್ನೊಂದನ್ನು ನನ್ನ ಸೊಂಟಕ್ಕೆ ಇಟ್ಟರು.

"ಕಬ್ಬಿಣ ಒದ್ರೆ ಅದು ಸುಮ್ನಿರ್ತದೆ. ಮನುಷ್ರಾದ್ರೆ ವಾಪಸ್ ತಳ್ತಾರೆ," ಅಂದರು. "ನೋವು ಬಂದಾಗ ಗದ್ದ ಎದೆಗಿಟ್ಕೊಂಡು, ಕಾಲು ನಮಗೆ ಒತ್ತಿ, ಕೆಳಕ್ಕೆ ಮುಕ್ಕಮ್ಮ. ಗಂಟಲಲ್ಲಿ ಕೂಗಿ ಶಕ್ತಿ ಕಳ್ಕೊಬೇಡ. ನೋವು ಹೋದ್ಮೇಲೆ ಮೈ ಸಡಿಲ ಬುಟ್ಟು ಉಸ್ರಾಡು."

ನೋವು ಬಂತು. ಕಾವ್ಯ ಮುಕ್ಕಿದಳು. ಪಾದ ನನ್ನ ಸೊಂಟಕ್ಕೆ ಒತ್ತಿತು. ಬಲ ಇನ್ನೇನು ಕೆಳಗಿಳಿಯಬೇಕು, ಅಷ್ಟರಲ್ಲಿ ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. ಕೈ ಚಾಚಿ ನನ್ನ ಸೀರೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೋವು ವ್ಯರ್ಥವಾಗಿ ಮುಗಿಯಿತು. ಮುಂದಿನ ನೋವಿಗೂ ಅದೇ, ಅದರ ಮುಂದಿನದಕ್ಕೂ ಅದೇ. ಸಿಸ್ಟರ್ ಕಡೆಯ ಕಾಲು ಗಟ್ಟಿಯಾಗಿ ನಿಲ್ಲುತ್ತದೆ, ನನ್ನ ಕಡೆಯದು ಮಾತ್ರ ನಿಲ್ಲುವುದಿಲ್ಲ.

ಮಗುವಿನ ನೆತ್ತಿ ಕಾಣಿಸುವುದು, ಮತ್ತೆ ಒಳಗೆ ಹೋಗುವುದು. ಡಾಕ್ಟರಮ್ಮ ಬಂದು ಎದೆಬಡಿತ ಕೇಳಿದರು. "ಮಗು ಬಳಲ್ತಾ ಇದೆ. ಹೆಚ್ಚು ಹೊತ್ತು ಕಾಯೋ ಹಾಗಿಲ್ಲ, ವ್ಯಾಕ್ಯೂಮ್ ಹಾಕಿ ಎಳೆಯೋಕೆ ರೆಡಿ ಮಾಡ್ಕೊಳ್ಳಿ," ಎಂದು ಸಿಸ್ಟರ್‌ಗೆ ಹೇಳಿ ಕೈ ತೊಳೆಯಲು ಹೋದರು.

"ಯಾಕ್ ಕಣೇ ಕಾಲ್ ತಗೀತೀಯ?" ಎಂದು ಗದರಿದೆ.

"ನಿಮ್ಮನ್ನ ಒದ್ದಂಗಾಯ್ತದೆ ಅತ್ತೆ," ಎಂದು ಅವಳು ಅತ್ತಳು. "ಆ ಪಾಪ ಕೂಸಿಗೆ ತಟ್ಟಿದ್ರೆ?"

"ಅಂಗಾರೆ ನಾನು ಆಚೆಗೋಯ್ತೀನಿ, ಬೇರೆ ಯಾರಾದ್ರೂ ನಿಂತ್ಕೊಳ್ಲಿ."

"ಬ್ಯಾಡ ಅತ್ತೆ," ಎಂದು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಬೈಯಲು ಬಾಯಿ ತೆರೆದವಳು, ಬಗ್ಗಿ ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಣ್ಣಿಗೆ ಒತ್ತಿಕೊಂಡೆ. ಪಾದ ತಣ್ಣಗಿತ್ತು, ಕಾಲುಂಗುರ ಹುಬ್ಬಿಗೆ ತಾಗಿತು. ಅವಳು ಬೆಚ್ಚಿ ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

"ಇವತ್ತು ನೀನೇ ನಂಗೆ ದೊಡ್ಡೋಳು ಕಣವ್ವ. ಪಾಪ ಗೀಪ ಎಲ್ಲ ನಂಗಿರ್ಲಿ," ಅಂದೆ. "ಮದ್ವೆ ಆದಾಗ್ನಿಂದ ನನ್ ಬಾಯಿ ಕೇಳಿದ್ದೀಯ. ಒಂದ್ ಸತಿನಾದ್ರೂ ಈ ಮುದುಕಿಗೆ ಒದೀಬೇಕು ಅನ್ಸಿಲ್ವಾ? ಈಗ ಒದಿ."

ಸಿಸ್ಟರ್ ಮಾಸ್ಕಿನೊಳಗೇ ನಕ್ಕರು. ಅಳುತ್ತಿದ್ದ ಕಾವ್ಯಳ ತುಟಿಯೂ ಅಲುಗಿತು. ಅಷ್ಟರಲ್ಲಿ ನೋವು ಬಂತು.

ಈ ಸಲ ಪಾದ ಸೊಂಟಕ್ಕೆ ಬಂದು ಕೂತಿತು. ನಾನು ರಾಗಿ ಹೊರೆ ಹೊತ್ತವಳು, ಬೆದರಿದ ಎತ್ತನ್ನು ಹಗ್ಗ ಹಿಡಿದು ನಿಲ್ಲಿಸಿದವಳು. ಅಂಥ ನನ್ನನ್ನು ಈ ಕಡ್ಡಿಯಂಥ ಹುಡುಗಿ ಹಿಂದಕ್ಕೆ ತಳ್ಳಿದಳು. ಬೆನ್ನು ಗೋಡೆಗೆ ತಾಗಿದ ಮೇಲೆಯೇ ನಾನು ನಿಂತದ್ದು. ಅವಳು ಕೂಗಲಿಲ್ಲ. ಎಲ್ಲೋ ಆಳದಿಂದ ಒಂದು ದನಿ ಎದ್ದಿತು, ಅದು ಅವಳ ದನಿಯೆಂದೇ ನನಗೆ ಅನಿಸಲಿಲ್ಲ. ಆ ಬಲ ಅವಳ ಹಿಮ್ಮಡಿಯಿಂದ ನನ್ನ ಮೂಳೆಗೆ ಇಳಿದು, ನನ್ನಿಂದ ಗೋಡೆಗೆ ಇಳಿಯುತ್ತಿತ್ತು. ನಾನೂ ಹೆತ್ತವಳೇ. ಹೆರುವಾಗ ನನಗೆ ನೋವಷ್ಟೇ ಗೊತ್ತಾಗಿತ್ತು, ಹೆರುವವಳಲ್ಲಿ ಇಷ್ಟು ಬಲವಿರುತ್ತದೆ ಎಂದು ತಿಳಿದದ್ದು ಅವತ್ತೇ. ನನಗೆ ಕೈಮುಗಿಯಬೇಕು ಅನಿಸಿತು, ಆದರೆ ಕೈ ತುಂಬ ಅವಳ ಕಾಲಿತ್ತು.

"ಸಾಕು, ಈಗ ಮುಕ್ಬೇಡ. ಒಲೆ ಊದ್ತೀವಲ್ಲ, ಅಂಗೆ ಮೆತ್ತಗೆ ಊದು," ಅಂದರು ಸಿಸ್ಟರ್.

ಕಾವ್ಯ ಊದಿದಳು. ತಲೆ ಬಂತು, ತಾನಾಗಿಯೇ ಪಕ್ಕಕ್ಕೆ ತಿರುಗಿತು, ಹೆಗಲು ಜಾರಿತು. ಡಾಕ್ಟರಮ್ಮ ಗ್ಲೌಸು ಹಾಕಿಕೊಂಡು ಬರುವಷ್ಟರಲ್ಲಿ ಹೆಣ್ಣುಕೂಸು ತಾಯಿಯ ಎದೆಯ ಮೇಲೆ ಅಳುತ್ತಿತ್ತು. ನಾನೂ ಅಳುತ್ತಿದ್ದೆ. ವರಾಂಡಕ್ಕೆ ಹೋಗಿ ಶಿವಶಂಕರನ ತಣ್ಣಗಿನ ಕಾಫಿ ಪೂರ್ತಿ ಕುಡಿದೆ.

ಸಂಜೆ ಮನೆಗೆ ಬಂದಾಗ ನಾನು ಕುಂಟುವುದನ್ನು ನಮ್ಮ ಯಜಮಾನರು ಕಂಡರು.

"ಸೊಂಟಕ್ಕೇನಾಯ್ತು?"

"ಸೊಸೆ ಒದ್ಲು."

"ನಮ್ ಕಾವ್ಯನಾ?"

"ಊಂ. ಜೋರಾಗೇ ಒದ್ಲು," ಅಂದೆ. ಹೇಳುವಾಗ ನನಗೆ ಎಂಥ ಹೆಮ್ಮೆ.

ಅವರು ಹರಳೆಣ್ಣೆ ಬಿಸಿ ಮಾಡಿ ತಂದರು. ಬೇಡ ಬುಡಿ ಅಂದೆ. ಕಪ್ಪುಗಟ್ಟಿದ ಆ ಗುರುತು ಮಾಸುವ ತನಕ, ದಿನಾ ಸ್ನಾನದ ಹೊತ್ತಿಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.