ಹಲಸೂರು ಕೆರೆಯ ನಡುಗಡ್ಡೆಗೆ ಒಂದು ಸುತ್ತು

೧
ಎಲ್ಲಿಂದ ಶುರು ಮಾಡುವುದು? ನೀರಿನಿಂದ ಎಂದರೆ ಕಥಾನಾಯಕರು ಬರುವುದಿಲ್ಲ. ದಡದಿಂದ ಎಂದರೆ ಕಥೆ ಮುಂದೆ ಹೋಗುವುದಿಲ್ಲ. ಹೊಸ ತಿಪ್ಪಸಂದ್ರದ ಒಂದು ಅಡುಗೆಮನೆಯಿಂದ ಶುರು ಮಾಡೋಣ.

ಅಲ್ಲಿ ಶರಣವ್ವ ರೊಟ್ಟಿ ಬಡಿಯುತ್ತಿದ್ದಾರೆ. ಮದುವೆಯಾಗಿ ಗದಗದಿಂದ ಬಂದಾಗಿನಿಂದ ಅವರದು ಒಂದೇ ಆಸೆ: ಹಲಸೂರು ಕೆರೆಯಲ್ಲಿ ದೋಣಿ ಹತ್ತಿ ನಡುಗಡ್ಡೆಯನ್ನು ಒಂದು ಸುತ್ತು ಹಾಕಬೇಕು. ಕೇಳಿದಾಗಲೆಲ್ಲ ಗಂಡ ಪಂಚಾಕ್ಷರಯ್ಯ, ನಿವೃತ್ತ ಭೂಗೋಳದ ಮೇಷ್ಟ್ರು, ಮಾತಿನಲ್ಲೇ ಉತ್ತರ ಅಮೆರಿಕದ ಸುಪೀರಿಯರ್ ಸರೋವರಕ್ಕೆ ಹೊರಟುಬಿಡುತ್ತಾರೆ. ಅಲ್ಲಿನ ದೂರದ ದ್ವೀಪಗಳ ಬಳಿ ಬಂಡೆಯೊಳಗಿನ ಕಬ್ಬಿಣಕ್ಕೆ ದಿಕ್ಸೂಚಿಯೇ ದಾರಿ ತಪ್ಪುತ್ತಿತ್ತಂತೆ. ಮಂಜು ಕವಿದರೆ ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳ ನೋಡುತ್ತಿದ್ದರಂತೆ. ಅಷ್ಟು ಹೊತ್ತಿಗೆ ರೊಟ್ಟಿ ಆರಿರುತ್ತದೆ, ಶರಣವ್ವನ ಮಾತು ಅಲ್ಲೇ ನಿಂತಿರುತ್ತದೆ. (ಮೇಷ್ಟ್ರಿಗೆ ಈಜು ಬರುವುದಿಲ್ಲ. ಇದು ನಮ್ಮ ನಿಮ್ಮಲ್ಲೇ ಇರಲಿ.)

೨
ಮೊದಲ ಡ್ರಾಫ್ಟಿನಲ್ಲಿ ಬಿರುಗಾಳಿ ಎಬ್ಬಿಸಿ ಮೇಷ್ಟ್ರನ್ನು ನಡುಗಡ್ಡೆಗೆ ಎಸೆದೆ. ಅಲ್ಲಿ ಮೊಬೈಲಿಗೆ ಫುಲ್ ಸಿಗ್ನಲ್. ಅವರು ಹೆಂಡತಿಗೆ ಫೋನ್ ಮಾಡಿ ಊಟಕ್ಕೆ ತಡವಾಗುತ್ತದೆ ಎಂದರು. ಇಂಥ ಕಡೆ ದುರಂತ ಬರೆಯುವುದು ನನ್ನ ಕೈಲಾಗದು. ಹರಿದೆಸೆದೆ.

೩
ಎರಡನೆಯದರಲ್ಲಿ ಶರಣವ್ವ ಹೇಳದೆ ಕೇಳದೆ ಪೆಡಲ್ ಬೋಟಿನ ಟಿಕೆಟ್ ಕೊಂಡುಬಿಟ್ಟರು. ಮೇಷ್ಟ್ರು ನನ್ನತ್ತ ತಿರುಗಿದರು.

“ನೋಡ್ರಿ ಲೇಖಕರೇ, ನನಗ ಈಜಾಕ ಬರಂಗಿಲ್ಲ. ಒಂದು ಮಳಿ ಹಾಕ್ರಿ, ಬೋಟಿಂಗ್ ಬಂದ್ ಆಗ್ತೈತಿ.”

ಮಳೆ ಹಾಕಲು ಪೆನ್ನೆತ್ತಿದೆ. ಶರಣವ್ವ ಆಗಲೇ ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ಮೊದಲ ದಿನ ಶಾಲೆಗೆ ಬಂದ ಹುಡುಗಿಯ ಹಾಗೆ ಬೋಟಿನಲ್ಲಿ ಕೂತಿದ್ದರು. ನನಗೆ ಮನಸ್ಸಾಗಲಿಲ್ಲ. ಮೇಷ್ಟ್ರಿಗೂ ಒಂದು ಜಾಕೆಟ್ ಬರೆದುಕೊಟ್ಟೆ. (ಎಕ್ಸ್‌ಎಲ್ ಸೈಜೇ ಬರೆದೆ, ಆದರೂ ಬಿಗಿಯಾಯಿತು.) ಹೆಂಡತಿ ಒಬ್ಬರೇ ಹೊರಟಾರು ಎಂಬ ಭಯಕ್ಕೆ ಅವರು ಹತ್ತಿದರು.

೪
ಬೋಟು ಈಗ ನಡುಗಡ್ಡೆಯ ಹಿಂದಿದೆ. ಮೇಷ್ಟ್ರು ಒಂದು ಕೈಯಲ್ಲಿ ಹೆಂಡತಿಯ ತೋಳು ಹಿಡಿದು, ಕಣ್ಣು ಮುಚ್ಚಿ ಪೆಡಲ್ ತುಳಿಯುತ್ತಿದ್ದಾರೆ. ಆಳ ಎಷ್ಟಿದೆ ಎಂದು ಕೇಳಿದರು. ಶರಣವ್ವ ಬಳೆಯ ಕೈಯನ್ನು ನೀರಿಗಿಳಿಸಿ ನೋಡಿದರು.

“ನಮಗ ಬೇಕಾದಷ್ಟು ಐತ್ರಿ.”

೫
ಮುಕ್ತಾಯಗಳು ಹಲವಿವೆ. ಮೇಷ್ಟ್ರು ದಡ ಮುಟ್ಟಿ ನೆಲಕ್ಕೆ ಅಡ್ಡಬೀಳಬಹುದು. ಕೆರೆಗೇ ಬೀಳಬಹುದು. ಮೊದಲನೆಯದೇ ವಾಸಿ ಎಂದುಕೊಂಡು ‘ದಡ’ ಎಂದು ಬರೆಯಹೊರಟೆ. ಶರಣವ್ವ ತಡೆದರು.

“ಮುಗಸಬ್ಯಾಡ್ರಿ. ದಂಡಿಗೆ ಹೋದ್ರ ಮತ್ತ ನಾನೇ ರೊಟ್ಟಿ ಬಡೀಬೇಕು.”

ಮೇಷ್ಟ್ರು ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು. ದಡದ ಕಡೆಗೆ ತಿರುಗಿದ್ದ ಬೋಟನ್ನು ಮತ್ತೆ ನಡುಗಡ್ಡೆಯ ಕಡೆಗೇ ತಿರುಗಿಸಿದರು.

ಹೊತ್ತು ಮುಗಿಯಿತೆಂದು ಟಿಕೆಟಿನವನು ದಡದಿಂದ ಸೀಟಿ ಊದುತ್ತಿದ್ದಾನೆ. ನನಗಂತೂ ಕೇಳಿಸಿಲ್ಲ. ನಿಮಗೂ ಕೇಳಿಸಿಲ್ಲ, ತಿಳೀತಲ್ಲ?