ಟಕ್ಕೆನ್ನದ ಕರಿ ಹಾಳೆ

ಪ್ರಿಂಟರಿಗೆ ತುಂಬುವ ಕರಿಪುಡಿ ಆಕಾಶದಿಂದ ಉದುರುವುದಿಲ್ಲ. ಪ್ಲಾಸ್ಟಿಕ್ಕಿನಂಥ ರಾಳ, ಮಸಿ, ಮೇಣ ಎಲ್ಲವನ್ನೂ ಕಾಯಿಸಿ ನಾದಿ, ಹಾಳೆಯಂತೆ ಒತ್ತಿ, ತಣ್ಣಗಿನ ಉಕ್ಕಿನ ಬೆಲ್ಟಿನ ಮೇಲೆ ಸಾಗಿಸಬೇಕು. ಆರಿದ ಮೇಲೆ ಒಡೆದು, ಗಾಳಿಯ ರಭಸದಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣಗೆ ಪುಡಿ ಮಾಡಬೇಕು. ಆ ಬೆಲ್ಟಿನ ತುದಿಯಲ್ಲಿ ಹದಿನಾರು ವರ್ಷದಿಂದ ನಿಂತವಳು ತಾಳಕ್ಕ. ಹಾಳೆಯ ಚೂರೊಂದನ್ನು ಮುರಿದು ನೋಡುವಳು. ಟಕ್ಕೆಂದರೆ ಪುಡಿ ಮಾಡುವ ಮಿಲ್ಲಿಗೆ. ಬಾಗಿದರೆ, "ತಾಳ್ರಪ್ಪ, ಇನ್ನೂ ಬಿಸಿ ಇದೆ." ಹೆಸರು ಬಂದದ್ದು ಹಾಗೆ.

ಹೊಸ ಮ್ಯಾನೇಜರ್ ಮಹಾಶಯರು ಬಂದರು, ಜೊತೆಗೆ ಅವರ ಸ್ಟಾಪ್‌ವಾಚೂ ಬಂತು.

"ಈಯಮ್ಮ ದಿನಕ್ಕೆ ಎರಡು ಗಂಟೆ ಸುಮ್ನೆ ನಿಂತಿರ್ತಾರೆ!" ಎಂದು ಕಂಡುಹಿಡಿದರು. ಇಂಥ ಬುದ್ಧಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವಲ್ಲ, ಕಾರ್ಖಾನೆಯ ದುರದೃಷ್ಟ! ಬೆಲ್ಟಿನ ವೇಗ ದುಪ್ಪಟ್ಟಾಯಿತು. ಡಬ್ಬಿ ಅಂಟಿಸುವ ಕೋಣೆಗೆ ಹೋಗಬೇಕೆಂದೂ ತಿಂಗಳಾದ ಮೇಲೆ ಕೆಲಸವೇ ಇಲ್ಲವೆಂದೂ ತಾಳಕ್ಕನಿಗೆ ಲಿಖಿತ ಆದೇಶ ಸಿಕ್ಕಿತು. ಮನೆಯಲ್ಲಿ ಗಂಡ ಸೊಂಟ ಹಿಡಿದು ಮಲಗಿದ್ದ, ದುಡಿಯುವವಳು ಅವಳೊಬ್ಬಳೇ. ಸಿಟ್ಟು ನೆತ್ತಿಗೇರಿತು, ಆದರೂ ಆದೇಶ ಮಡಚಿ ಚೀಲಕ್ಕೆ ಹಾಕಿಕೊಂಡು ಡಬ್ಬಿ ಕೋಣೆಗೆ ನಡೆದಳು.

ಮೂರನೇ ದಿನ ಮಧ್ಯಾಹ್ನ ಮಿಲ್ಲು ಗೊರಗೊರ ಎಂದು ನಿಂತೇಹೋಯಿತು. ಬಿಸಿ ಚೂರುಗಳು ಒಳಗೆ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬಂಡೆಯಾಗಿದ್ದವು.

ಮ್ಯಾನೇಜರು ತಾವಾಗಿಯೇ ಡಬ್ಬಿ ಕೋಣೆಗೆ ದಯಮಾಡಿಸಿದರು. ಕೈಯಲ್ಲೊಂದು ಕಾಗದ. ಬೆಲ್ಟಿನ ಕೆಲಸದಾಕೆ ಹೇಳದೆ ಕೇಳದೆ ಜಾಗ ಬಿಟ್ಟದ್ದರಿಂದ ಮಿಲ್ಲು ಕೆಟ್ಟಿದೆ ಎಂದು ಅದರಲ್ಲಿತ್ತು.

"ಸಹಿ ಹಾಕ್ಬಿಡಿ ಅಮ್ಮ. ನಿಮ್ಮ ಕೆಲಸ ಉಳಿಸಿಕೊಡ್ತೀನಿ. ಸಂಜೆ ಕಾರ್ಖಾನೆ ಯಜಮಾನರು ಬರ್ತಾರೆ."

ಎಂಥ ಔದಾರ್ಯ! ಗಂಡನ ಮುಖ ನೆನಪಾಗಿ ತಾಳಕ್ಕನ ಕೈ ಪೆನ್ನಿನತ್ತ ಹೋಗಿಯೂ ಹೋಯಿತು. ಆದರೆ ಒಂದು ದಿನವೂ ಜಾಗ ಬಿಡದವಳು ಬಿಟ್ಟೆನೆಂದು ಬರೆದುಕೊಡುವುದೇ? ಮೈಯೆಲ್ಲ ಉರಿದುಹೋಯಿತು. ಚೀಲದಿಂದ ಅವರದೇ ಆದೇಶ ತೆಗೆದು ಆ ಕಾಗದಕ್ಕೆ ಪಿನ್ ಹೊಡೆದಳು.

"ಇದನ್ನೂ ಜೊತೆಗೆ ಕೊಡಿ, ಸಾರ್. ನಿಮ್ಮ ಸಹಿ ಮುದ್ದಾಗಿ ಬಂದಿದೆ."

ಮ್ಯಾನೇಜರ ಮುಖ ಹುಳ್ಳಗಾಯಿತು. "ಹಾಗಾದ್ರೆ ಯಜಮಾನರಿಗೆ ಏನಂತ ಬರೀಲಿ?"

"ನಿಜ ಬರೀರಿ. ಅಭ್ಯಾಸ ಇಲ್ದಿದ್ರೆ ನಾನು ಹೇಳ್ತೀನಿ, ಬರ್ಕೊಳ್ಳಿ."

ಅವರು ಡಬ್ಬಿಗಳ ಪಕ್ಕದಲ್ಲೇ ಕೂತು ಪೆನ್ನು ತೆರೆದರು.

"ಮೊದಲು ನನ್ನ ಕೆಲಸ ಉಳೀತು ಅಂತ ಹಾಕಿ," ಎಂದಳು ತಾಳಕ್ಕ. "ಮಿಲ್ಲಿಂದು ಆಮೇಲೆ."