ಸುಕ್ಕಿನ ಫರಸಿ

ನಾನು ಒಂದು ಫರಸಿಕಲ್ಲು. ಕಲಬುರಗಿ ಸೀಮೆಯ ಮನೆಗಳಿಗೆ ಹೋದವರು ನನ್ನ ಬಳಗವನ್ನು ತುಳಿಯದೆ ಬಂದಿರಲಾರರು. ಬೂದು ಬಣ್ಣ, ಎರಡು ಬೆರಳು ದಪ್ಪ, ಬೇಸಿಗೆಯಲ್ಲಿ ತಂಪು. ನನ್ನವರೆಲ್ಲ ನೆಲಕ್ಕೆ ಬೆನ್ನು ಹಚ್ಚಿ ಮಲಗಿದವರು, ಮಲಗಿದಲ್ಲೇ ತಲೆಮಾರುಗಳನ್ನು ಕಳೆದವರು. ನನಗೆ ಮಾತ್ರ ಆ ನಿದ್ದೆ ಹತ್ತಲಿಲ್ಲ. ಯಾಕೆಂದು ಹೇಳಲು ಹುಟ್ಟಿನಿಂದಲೇ ಶುರು ಮಾಡಬೇಕು.

ಒಂದಾನೊಂದು ಕಾಲದಲ್ಲಿ ಎಂದೇ ಅನ್ನೋಣ. ಆದರೆ ಆ ಕಾಲದಲ್ಲಿ ರಾಜ ಇರಲಿಲ್ಲ, ರಾಣಿ ಇರಲಿಲ್ಲ, ಕತೆ ಕೇಳಲು ಒಂದು ಕಿವಿಯೂ ಇರಲಿಲ್ಲ. ಮರ ಇಲ್ಲ, ಹಕ್ಕಿ ಇಲ್ಲ, ಮೀನು ಕೂಡ ಇನ್ನೂ ಬಂದಿರಲಿಲ್ಲ. ಎಷ್ಟು ಹಿಂದೆ? ಓದಿದವರು ಎಪ್ಪತ್ತು ಎಂಬತ್ತು ಕೋಟಿ ವರ್ಷ ಎನ್ನುತ್ತಾರೆ, ಇನ್ನೂ ಹೆಚ್ಚು ಎನ್ನುವವರೂ ಇದ್ದಾರೆ. ನಾನಂತೂ ಎಣಿಸುತ್ತ ಕೂತಿರಲಿಲ್ಲ. ಸೇಡಂ, ಚಿತ್ತಾಪುರ ಎಂದು ಈಗ ಬಸ್ಸಿನ ಹಣೆಯ ಮೇಲೆ ಬರೆಯುತ್ತಾರಲ್ಲ, ಆ ನೆಲದ ಮೇಲೆಲ್ಲ ಆಗ ಸಮುದ್ರ. ಅದರ ಮೊಣಕಾಲುದ್ದ ನೀರಿನಡಿಯಲ್ಲಿ ನಾನು ನುಣ್ಣನೆಯ ಕೆಸರಾಗಿದ್ದೆ.

ಅಲೆ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗೊಮ್ಮೆ ನನ್ನ ಮೈ ಮೇಲೆ ಗೆರೆ ಎಳೆಯುತ್ತಿತ್ತು, ಹೋಗುವಾಗ ಅಳಿಸುತ್ತಿತ್ತು. ಒಂದು ದಿನ ಗೆರೆ ಎಳೆದು ಹೋದದ್ದು ಅಳಿಸಲು ಬರಲಿಲ್ಲ. ಅದು ಬರುವುದರೊಳಗೆ ಮೇಲಿನಿಂದ ಇನ್ನೊಂದು ಪದರ ಕೆಸರು ಸದ್ದಿಲ್ಲದೆ ಇಳಿದು ನನ್ನನ್ನು ಮುಚ್ಚಿತು. ಅದರ ಮೇಲೆ ಮತ್ತೊಂದು. ಭಾರ ಏರಿತು, ನೀರು ಹಿಂಡಿಹೋಯಿತು, ನಾನು ಕಲ್ಲಾದೆ. ಮೈ ಮೇಲಿನ ಗೆರೆಗಳು ಹಾಗೇ ಉಳಿದವು. ಕಲ್ಲಾದರೂ ನನಗೆ ಈಗಷ್ಟೇ ಹೊರಟು ನಿಂತವರ ಹಾಗೆ ಅನ್ನಿಸುವುದು ಅದಕ್ಕೇ ಇರಬೇಕು.

ಮೊದಲು ಬೆಳಕು ಕಂಡದ್ದು ಒಂದು ಖಣಿಯಲ್ಲಿ. ನಮ್ಮ ಕಡೆ ಕಲ್ಲನ್ನು ಒಡೆಯುವುದಿಲ್ಲ, ಬಿಡಿಸುತ್ತಾರೆ. ಪದರಿನ ಸಂದಿಗೆ ಉಳಿ ಇಟ್ಟು, ಸುತ್ತಿಗೆಯಿಂದ ಒಂದೇ ಹದದಲ್ಲಿ ಬಡಿಯುತ್ತ ಹೋದರೆ ಅಡಕಲು ಇಟ್ಟ ಖಡಕ್ ರೊಟ್ಟಿಯ ಹಾಗೆ ಒಂದರಿಂದೊಂದು ಎದ್ದು ಬರುತ್ತವೆ. ನನ್ನನ್ನು ಹೀಗೆ ಎಬ್ಬಿಸಿದವನು ಮೌಲಾಲಿ. ಆಗಿನ್ನೂ ಮೀಸೆ ಕಪ್ಪಗಿದ್ದ ಆಳು. ಕಲ್ಲು ಬಿಡಿಸುವುದೂ ಬರುತ್ತಿತ್ತು, ಮನೆಗಳಿಗೆ ಫರಸಿ ಹಾಸುವುದೂ ಬರುತ್ತಿತ್ತು. ಅವನು ಹಾಸಿದ ನೆಲದ ಒಂದು ಮೂಲೆಗೆ ತಂಬಿಗೆ ನೀರು ಸುರಿದರೆ ಎಲ್ಲೂ ನಿಲ್ಲದೆ ಬಚ್ಚಲು ಮುಟ್ಟಬೇಕು. ಮುಟ್ಟದಿದ್ದರೆ ಆ ದಿನ ಅವನು ಉಣ್ಣುತ್ತಿರಲಿಲ್ಲ.

ಅಂಥವನು ನನ್ನ ಮೇಲೆ ಅಂಗೈ ಆಡಿಸಿ ಮುಖ ಸಿಂಡರಿಸಿದ. "ಥೂ, ಸುಕ್ಕ ಅದ. ಮುದಿಕಿ ಗಲ್ಲ ಇದ್ದಂಗ ಅದ. ತಗದ ಒಗೀರಿ."

ರದ್ದಿ ಕಲ್ಲಿನ ಗುಡ್ಡೆಗೆ ನನ್ನನ್ನು ಎಸೆದರು. ಅಲ್ಲಿಂದ ಎತ್ತಿಕೊಂಡು ಹೋದವಳು ಸಾಬಮ್ಮ, ಊರ ಅಂಚಿನ ಮನೆಯವಳು. ಅವಳಿಗೆ ನನ್ನ ಸುಕ್ಕೇ ಬೇಕಾಗಿತ್ತು. ನುಣ್ಣನೆ ಕಲ್ಲಿನ ಮೇಲೆ ಬಟ್ಟೆ ಜಾರುತ್ತದೆ, ನನ್ನ ಮೇಲೆ ತಿಕ್ಕಿದರೆ ಕೊಳೆ ಬಿಡುತ್ತದೆ. ಹಿತ್ತಲ ಬಚ್ಚಲ ಬದಿಗೆ ನನ್ನನ್ನು ಓರೆಯಾಗಿ ನಿಲ್ಲಿಸಿದಳು. ಇಪ್ಪತ್ತೆಂಟು ವರ್ಷ ನಾನು ಒಗೆಯುವ ಕಲ್ಲು. ದಿನಾ ಬೆಳಿಗ್ಗೆ ಮೈ ಮೇಲೆ ನೀರು ಬಿದ್ದಾಗ, ಅಲೆ ಬಂತು, ಈಗ ಬಂತು ಎಂದು ಎದೆ ಹಾರುತ್ತಿತ್ತು. ಬಂದದ್ದು ಸಾಬೂನಿನ ನೊರೆ. ಅದು ನುಗ್ಗೆ ಮರದ ಬುಡಕ್ಕೆ ಹರಿದು ಇಂಗಿಹೋಗುತ್ತಿತ್ತು. ಸಂಜೆಯ ಹೊತ್ತಿಗೆ ನಾನು ಮತ್ತೆ ಒಣಗಿ, ಮತ್ತೆ ಕಾಯುತ್ತ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಜಗದೇವಿ ಬಂದಳು. ಕಲಬುರಗಿಯಲ್ಲಿ ಭೂವಿಜ್ಞಾನ ಓದಿದ ಹುಡುಗಿ. ಒಂದು ಟಂಟಂ ಆಟೋ ಬಾಡಿಗೆಗೆ ಹಿಡಿದು, ಅದರ ತುಂಬ ಕಲ್ಲು ಹೇರಿಕೊಂಡು ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದಳು. ಈ ಊರಿನ ಶಾಲೆಗೆ ಬಂದವಳು ಕುಡಿಯಲು ನೀರು ಕೇಳಿ ಸಾಬಮ್ಮನ ಹಿತ್ತಲಿಗೆ ಬಂದಳು. ತಂಬಿಗೆ ಕೈಯಲ್ಲೇ ಉಳಿಯಿತು. ಒದ್ದೆ ನೆಲದಲ್ಲಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಅವ್ವಾ, ಈ ಕಲ್ಲ ಎಲ್ಲಿಂದ ತಂದೀರಿ?"

"ಯಾಕವ್ವಾ? ಕದ್ದಿಲ್ಲ ತಾಯಿ ನಾ. ರದ್ದಿ ಗುಡ್ಡ್ಯಾಗ ಬಿದ್ದಿತ್ತು."

"ಕದ್ದೀರಿ ಅಂದ್ನೇನು? ಇದರ ಮ್ಯಾಲ ಸಮುದ್ರದ ಅಲಿ ಅದ್ರಿ."

ಸಾಬಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಸಮುದ್ರ! ನಳಾ ಬಂದು ನಾಕ ದಿನಾತು. ಆ ಸಮುದ್ರಕ್ಕ ಒಂದೀಟು ಹೇಳಿ ಕಳಸವ್ವಾ, ಎರಡ ಕೊಡ ತುಂಬ್ಕೋತೀನಿ."

ಜಗದೇವಿ ವಾದಕ್ಕೆ ಇಳಿಯಲಿಲ್ಲ. ಹಿಟ್ಟು ನಾದುವ ಅಗಲ ಪರಾತ ಕೇಳಿದಳು, ಅದರಲ್ಲಿ ಉಸುಕು ಹರವಿದಳು, ನೀರು ಹಾಕಿದಳು, ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ಮೆಲ್ಲಗೆ ತೂಗಿದಳು. ತೊಟ್ಟಿಲು ತೂಗಿದ ಹಾಗೆ. ಸ್ವಲ್ಪ ಹೊತ್ತಿಗೆ ಉಸುಕಿನ ಮೇಲೆ ಏಣು ಏಣಾಗಿ ಗೆರೆ ಎದ್ದವು. ಸಾಬಮ್ಮ ಪರಾತ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಪರಾತ. ನಗು ನಿಂತಿತ್ತು.

"ಇಷ್ಟ ದಿನ ಇದರ ಮ್ಯಾಲ ಕೌದಿ ಕುಕ್ಕೀನಲ್ಲ ತಾಯಿ" ಎಂದಳು ಮೆಲ್ಲಗೆ.

ಬದಲಿಗೆ ಬೇರೆ ಕಲ್ಲು ತಂದಿಟ್ಟು ಜಗದೇವಿ ನನ್ನನ್ನು ಟಂಟಂ ಹತ್ತಿಸಿದಳು. ಅಲ್ಲಿಂದ ಮುಂದೆ ನಿಂತಲ್ಲಿ ನಿಂತವನಲ್ಲ ನಾನು. ತಗ್ಗು ದಿಣ್ಣೆಯ ರಸ್ತೆ, ದಿನಕ್ಕೊಂದು ಶಾಲೆ. ಹುಡುಗರ ಬೆರಳುಗಳು ನನ್ನ ಏಣಿನ ಮೇಲೆ ಹತ್ತಿ ಇಳಿದು ಓಡುತ್ತಿದ್ದವು. ಬುಕ್ಕಿನಲ್ಲಿ ಅವರು ದೂರದ ಹಿಮಾಲಯ ಓದಿದ್ದರು. ಕಾಲ ಕೆಳಗಿನದು ಯಾರೂ ಓದಿಸಿರಲಿಲ್ಲ. "ನೀವು ಊಟಕ್ಕ ಕುಂದ್ರೂ ಫರಸಿ ಅದಲ್ಲ, ಅದೂ ಸಮುದ್ರದ ಕೆಸರೇ" ಎಂದು ಜಗದೇವಿ ಹೇಳಿದರೆ ಅರ್ಧ ತರಗತಿ ಬಗ್ಗಿ ನೆಲ ಮುಟ್ಟುತ್ತಿತ್ತು. ಇನ್ನರ್ಧ ಅವಳಿಗೆ ತಲೆ ಸರಿಯಿಲ್ಲ ಎಂದು ಪಿಸುಗುಟ್ಟುತ್ತಿತ್ತು.

ಅವಳ ತಲೆಯಲ್ಲಿ ಬೇರೆಯೇ ಹುಳ ಇತ್ತು. ನಾನು ಎದ್ದು ಬಂದ ಖಣಿಯನ್ನು ಹುಡುಕಿದಳು. ಅದರ ತೆಂಕಣ ಅಂಚಿನಲ್ಲಿ, ಹುಡಿಮಣ್ಣು ಕೆದರಿದರೆ, ನನ್ನದೇ ಪದರ ಇನ್ನೂ ನೆಲದಲ್ಲಿ ಮಲಗಿತ್ತು. ಒಂದು ತರಗತಿಯ ಮಕ್ಕಳೆಲ್ಲ ನಿಲ್ಲುವಷ್ಟು ಉದ್ದಗಲ, ಮೈಯೆಲ್ಲ ಅಲೆ. ಅದನ್ನು ಹಾಗೇ ಬಿಟ್ಟರೆ ಮಕ್ಕಳನ್ನು ಬರಿಗಾಲಲ್ಲಿ ಅದರ ಮೇಲೆ ನಡೆಸಬಹುದು. ಆದರೆ ಸೋಮವಾರ ಅಲ್ಲಿಗೆ ಕೊರೆಯುವ ಯಂತ್ರ ಬರುವುದೆಂದು ಗೊತ್ತಾಗಿತ್ತು.

ಖಣಿ ಚನ್ನವೀರಪ್ಪ ಸಾಹುಕಾರರದು. ಮೊಣಕಾಲು ನೋವಿನಿಂದ ಅವರು ಖಣಿಗೆ ಇಳಿದು ವರ್ಷಗಳಾಗಿದ್ದವು. ಜಗದೇವಿ ಮೂರು ಸಲ ಅವರ ಬಾಗಿಲಿಗೆ ಹೋದ ಮೇಲೆ ಹೇಳಿದರು: "ಐತಾರ ಮುಂಜಾನೆ ಬಾ. ನನ್ನ ಕಣ್ಣಿಗೆ ಅಲಿ ತೋರಸು. ಬಾಯಿ ಮಾತ ಬ್ಯಾಡ, ಫೋಟೋ ಬ್ಯಾಡ. ನನಗ ಖರೇ ಅನಿಸಿದ್ರ ಆ ಅಂಚ ಬಿಡ್ತೀನಿ."

ಅವರು ಖಣಿಗೆ ಇಳಿಯಲಾರರು, ಅಲ್ಲಿಯ ಪದರ ಕಿತ್ತರೆ ಅದೇ ಹಾಳು; ತೋರಿಸಲು ಇದ್ದದ್ದು ನಾನೊಬ್ಬನೇ. ಶನಿವಾರ ಅವಳು ನನ್ನನ್ನು ಮೌಲಾಲಿಯ ಛಪ್ಪರಕ್ಕೆ ತಂದಳು. ಈಗ ಅವನ ಮೀಸೆ ಬೆಳ್ಳಗಾಗಿತ್ತು. ಬಾಗಿಲಲ್ಲಿ ಬೆಳಕಿಗೆ ಓರೆಯಾಗಿ ನಿಲ್ಲಿಸಲು ಒಂದು ಕಟ್ಟಿಗೆಯ ಕಾಲು ಮಾಡಿಕೊಡಿ ಎಂದು ಕೇಳಿ, ಸಾಹುಕಾರರಿಗೆ ತೋರಿಸುವುದಿದೆ ಎಂದೂ ಹೇಳಿ, ಅವಳು ಬಸ್ಸಿಗೆ ಓಡಿದಳು.

ಮೌಲಾಲಿ ಕಟ್ಟಿಗೆಯ ಕಾಲು ಚಂದವಾಗಿ ಮಾಡಿದ. ನನ್ನನ್ನು ಅದರ ಮೇಲೆ ಇಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಸುಕ್ಕು ಮಾತ್ರ ಸಿಕ್ಕಿತು. "ಸಾಹುಕಾರ್ರ ಬಾಗಲಕ್ಕ ಇಂಥಾ ಮಾರಿ ಹೊತ್ತ ಹೋಗ್ತೀ?" ಎಂದು ನನ್ನನ್ನೇ ಕೇಳಿದ. "ಮೌಲಾಲಿ ಕೈಯಾಗಿಂದ ಬಂದ ಕಲ್ಲ ಅಂತ ಮಂದಿ ಏನಂದಾರು? ಪಾಪ, ಆ ಹುಡುಗಿಗೆ ಗೊತ್ತಾಗಂಗಿಲ್ಲ."

ಅವನ ಪಾಲಿಶ್ ಯಂತ್ರ ಗುಂಯ್‌ಗುಡತೊಡಗಿತು. ನನಗೆ ಕೂಗಲು ಬಾಯಿಲ್ಲ. ಒರಟು ಚಕ್ರದ ಅಡಿಯಲ್ಲಿ ಮೊದಲು ಏಣುಗಳು ಹೋದವು. ಬಿಳಿ ರಾಡಿಯಾಗಿ ನೀರಿನೊಂದಿಗೆ ಇಳಿದು ಹೋಗುವುದನ್ನು ನಾನೇ ನೋಡಿದೆ. ಆಮೇಲೆ ತಗ್ಗುಗಳು. ಕೊನೆಗೆ ನಯ ಚಕ್ರ. ಹೊರಟು ನಿಂತಿದ್ದೆನಲ್ಲ ಇಷ್ಟು ಕಾಲ, ಈಗ ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತವರ ಹಾಗಾಯಿತು. ಮೌಲಾಲಿ ಮೇಲೆ ನೀರು ಸುರಿದ. ಎಲ್ಲೂ ನಿಲ್ಲದೆ ಹರಿಯಿತು. ಅವನು ಖುಷಿಯಿಂದ ಉಣ್ಣಲು ಹೋದ.

ಆದಿತ್ಯವಾರ ಮುಂಜಾನೆ ಜಗದೇವಿ ಬಂದು ನನ್ನ ಮೇಲೆ ಹೊದಿಸಿದ್ದ ಗೋಣಿ ತಟ್ಟು ಸರಿಸಿದಳು.

"ಕಾಕಾ, ಇದ ಯಾವ ಕಲ್ಲ? ನನ್ನ ಕಲ್ಲ ಎಲ್ಲದ?"

"ಅದೇ ಬೇಟಿ! ಕನ್ನಡಿ ಮಾಡೀನಿ. ಮಾರಿ ನೋಡ್ಕೋ ಬೇಕಾದ್ರ."

ಅವಳು ನೋಡಿಕೊಂಡಳು. ನನ್ನೊಳಗೆ ಅವಳ ಮುಖ ಕಂಡಿತು. ಅವಳು ಬೈಯಲಿಲ್ಲ, ಅಳಲಿಲ್ಲ. ನನ್ನ ಮೇಲೆ ಅಂಗೈ ಇಟ್ಟು ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಹುಡುಕಿದಳು. ಸಿಗಲಿಲ್ಲ. ಆಗ ಕೂತು ಮೌಲಾಲಿಗೆ ಎಲ್ಲ ಹೇಳಿದಳು. ಸಮುದ್ರ, ಕೆಸರು, ಅಲೆ, ನಾಳೆಯ ಯಂತ್ರ. ಕೇಳುತ್ತ ಕೇಳುತ್ತ ಅವನು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಆ ಸುಕ್ಕ ಅಂದ್ರ ನೀರಿಂದೇನು?"

"ನೀರಿಂದೇ ಕಾಕಾ."

ಮೌಲಾಲಿ ಟೊಪ್ಪಿಗೆ ಮತ್ತೆ ಹಾಕಿಕೊಂಡ. ಆಮೇಲೆ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡ. "ನಡಿ. ನಾನೂ ಬರ್ತೀನಿ."

ಸಾಹುಕಾರರ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿದಾಗ ಅವರ ಭಾವಮೈದುನ ಗುರುಬಸಪ್ಪ ಮೊದಲು ನಕ್ಕ. "ಎಲ್ಲದರಿ ಮೇಡಮ್ಮ ಸಮುದ್ರ? ಬತ್ತಿತೇನು? ಇದು ನಮ್ಮ ನೆಲದಾಗಿನ ಫರಸಿ ಇದ್ದಂಗೇ ಅದಲ್ಲ."

"ನಿನ್ನೆತನ ಇತ್ತುರಿ" ಎಂದಳು ಜಗದೇವಿ. ಆ ಮಾತು ಎಷ್ಟು ಬಡವೆಂದು ಅವಳಿಗೇ ಗೊತ್ತಿತ್ತು.

ಸಾಹುಕಾರರು ಏಳಲು ಹೊರಟರು. ಆಗ ಮೌಲಾಲಿ ನಡುವೆ ಬಂದು ನಿಂತ.

"ಅಳಿಸಿದಾಂವ ನಾನ್ರಿ ಸಾಹುಕಾರ್ರೆ. ಅಕಿದೇನೂ ತಪ್ಪಿಲ್ಲ. ಇನ್ನೊಂದು ಮಾತ ಹೇಳಬೇಕು. ಹೇಳಿದ್ರ ನನ್ನ ಹೆಸರ ಹೋಗ್ತದ, ಹೋಗ್ಲಿ." ಅವನು ತಮ್ಮೆಲ್ಲರ ಕಾಲ ಕೆಳಗಿನ ನೆಲ ತೋರಿಸಿದ. ಊರಿಗೇ ಹೆಸರಾದ ನೆಲ ಅದು. ಇಪ್ಪತ್ತು ವರ್ಷದ ಹಿಂದೆ ಅವನೇ ಹಾಸಿದ್ದು. "ಇದಕ್ಕ ಆರಿಸಿದ ಕಲ್ಲ ಕಮ್ಮಿ ಬಿದ್ದುವು. ಒಂದ ಮಗ್ಗಲ ಸುಕ್ಕಿದ್ದವು ಬಂದವು. ಸುಕ್ಕಿನ ಮಗ್ಗಲ ಕೆಳಗ ಮಾಡಿದ್ರ ಗಚ್ಚ ಭೇಷ್ ಹಿಡೀತದ, ಯಾರಿಗೂ ಕಾಣಂಗಿಲ್ಲ. ನಾವ್ ಫರಸಿ ಹಾಸೋ ಗಂವಡಿ ಮಂದಿ ಎಲ್ಲಾ ಹಂಗೇ ಮಾಡ್ತೀವಿ, ಬಾಯಿ ಬಿಡಂಗಿಲ್ಲ. ಈ ಪಡಸಾಲ್ಯಾಗ ಅಂಥವು ಹದಿನಾರ ಅವ."

"ನನ್ನ ಮನ್ಯಾಗ ರದ್ದಿ ಕಲ್ಲ ಹಾಕೀಯೇನೋ?" ಸಾಹುಕಾರರ ಮುಖ ಕೆಂಪಾಯಿತು.

"ಹಾಕೀನ್ರಿ. ಒಂದ ಎಬ್ಬಸ್ಲೇನು?"

ಉತ್ತರಕ್ಕೆ ಅವನು ಕಾದ. ಸಾಹುಕಾರರು ಆಗಲಿ ಎಂದು ಗದ್ದ ಅಲ್ಲಾಡಿಸಿದರು. ಮೌಲಾಲಿ ಕಂಬದ ಬದಿಯ ಕಲ್ಲಿನ ಸಂದಿಗೆ ಹಾರೆಯ ತುದಿ ಕೊಟ್ಟು ಮೀಟಿದ. ಕಲ್ಲು ಕಿತ್ತು ಬಂತು. ಮಗುಚಿ ಹಾಕಿದ, ಉಳಿಯಿಂದ ಗಚ್ಚು ಕೆರೆದ, ನೀರು ಹಾಕಿ ಉಜ್ಜಿದ. ಒಂದೊಂದೇ ಏಣು ಎದ್ದು ಬಂತು. ನನ್ನ ಬಳಗದವನು. ಇಪ್ಪತ್ತು ವರ್ಷ ಮುಖ ಕೆಳಗೆ ಮಾಡಿ ಮಲಗಿದ್ದವನು.

ಸಾಹುಕಾರರು ಮೊಣಕಾಲ ನೋವು ಮರೆತು ಕೆಳಗೆ ಕೂತರು. ಬೆರಳಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನೀಲಾಂಬಿಕಾ ಮೂಗಿನ ಮೇಲೆ ಬೆರಳಿಟ್ಟರು. "ಅಯ್ಯ ಶಿವನ! ಸಮುದ್ರದ ಮ್ಯಾಲ ಶಾವಗಿ ಒಣಗಸ್ಲತ್ತಿದ್ನೇನು ನಾ?"

ಜಗದೇವಿ ನಗಲು ಹೋಗಿ ಅತ್ತಳು. ಪರಾತ ಕೇಳುವ ಹೊತ್ತಿಗೆ ನೀಲಾಂಬಿಕಾ ತಾವೇ ತಂದರು. ಅಂದು ಆ ಪಡಸಾಲೆಯಲ್ಲಿ ಉಸುಕು ತೂಗಿದವರು ಸಾಹುಕಾರರೇ.

"ತೆಂಕಣ ಅಂಚ ಬಿಡ್ರಿ. ಮಷೀನ ಬಡಗಣ ಮಗ್ಗಲಕ್ಕ ಹೊಳ್ಳಸ್ರಿ" ಎಂದರು ಗುರುಬಸಪ್ಪನಿಗೆ. ಆಮೇಲೆ ಮೌಲಾಲಿಯ ಕಡೆ ತಿರುಗಿ, "ಇನ್ನ ನನ್ನ ಮನಿ ಕೆಲಸಕ್ಕ ನೀ ಬರಬ್ಯಾಡ" ಎಂದರು. ಮೌಲಾಲಿ ತಲೆಬಾಗಿ ಹಾರೆ ಎತ್ತಿಕೊಂಡ. ಎರಡೂ ಮಾತನ್ನು ಸಾಹುಕಾರರು ಇಂದಿಗೂ ಉಳಿಸಿಕೊಂಡಿದ್ದಾರೆ.

ನನ್ನದೇನಾಯಿತು? ಅಲೆ ಹೋದ ಕಲ್ಲು ಟಂಟಂಗೆ ಬೇಡವಾಯಿತು. ನುಣುಪು ಕಲ್ಲಿನ ಮೇಲೆ ಅಕ್ಷರ ಚೆನ್ನಾಗಿ ಕೂರುತ್ತದೆ ಎಂದು ಮೌಲಾಲಿ ತಾನೇ ಉಳಿ ಹಿಡಿದ. 'ಇದು ಸಮುದ್ರದ ತಳ. ಚಪ್ಪಲಿ ಇಲ್ಲಿ ಬಿಡಿ' ಎಂದು ಕೆತ್ತಿ ನನ್ನನ್ನು ತೆಂಕಣ ಅಂಚಿನಲ್ಲಿ ನೆಟ್ಟ. ಮಕ್ಕಳು ಬರುತ್ತಾರೆ, ನನ್ನ ಬುಡದಲ್ಲಿ ಚಪ್ಪಲಿ ಗುಡ್ಡೆ ಹಾಕಿ, ನನ್ನನ್ನು ದಾಟಿ, ಹುಡಿಮಣ್ಣು ತೆಗೆದ ಆ ಅಲೆಗಳ ಮೇಲೆ ಓಡುತ್ತಾರೆ. ಜಗದೇವಿ ಬಾಯಿ ತೆರೆಯುವ ಮೊದಲೇ ಮೌಲಾಲಿ ಶುರು ಮಾಡಿರುತ್ತಾನೆ: "ಆಗ ಮೀನಾ ಸುದ್ದಾ ಇರಲಿಲ್ಲ ನೋಡ್ರಿ!"

ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ. ಹೊರಡುವ ಆಸೆ ಹೋಯಿತು, ಆದರೆ ಬಂದವರು ನನ್ನನ್ನು ಓದಿ ಮುಂದೆ ಹೋದಾಗೆಲ್ಲ ಅವರ ಹಿಂದೆ ಕುತ್ತಿಗೆ ಚಾಚಬೇಕೆನಿಸುತ್ತದೆ. ನನ್ನ ಮೈ ಮೇಲೂ ಅಂಥ ಅಲೆ ಇತ್ತು ಎಂದು ಯಾರಿಗೆ ಹೇಳಲಿ?

ಮೊನ್ನೆ ಒಬ್ಬಳು ಪುಟ್ಟ ಹುಡುಗಿ ಓಡಲಿಲ್ಲ. ನನ್ನ ಮುಂದೆ ನಿಂತು ಮೌಲಾಲಿಯನ್ನು ಕೇಳಿದಳು. "ಮುತ್ಯಾ, ಅದು ಹಂಗದ, ಇದ್ಯಾಕ ಇಷ್ಟ ನುಣ್ಣಗದ?"

ಎಲ್ಲರಿಗೂ ಎಲ್ಲ ಹೇಳುವ ಮೌಲಾಲಿ ಜಗದೇವಿಯತ್ತ ನೋಡಿದ. ದೂರದಲ್ಲಿದ್ದ ಅವಳು ಸಹಾಯಕ್ಕೆ ಬರಲಿಲ್ಲ. ಅವನು ನನ್ನ ಬದಿಯಲ್ಲಿ ಕೂತು, ಹುಡುಗಿಯ ಒಂದು ಕೈಯನ್ನು ನನ್ನ ಮೇಲೆ, ಇನ್ನೊಂದನ್ನು ಅಲೆಯ ನೆಲದ ಮೇಲೆ ಇಡಿಸಿದ.

"ಎರಡೂ ಒಂದೇ ಕಲ್ಲವ್ವಾ. ಇದನ್ನ ಹಿಂಗ ಮಾಡಿದಾಂವ ನಾ. ಗೊತ್ತಿರಲಿಲ್ಲ ನನಗ."

ಹುಡುಗಿ ಎರಡೂ ಕೈ ಆಡಿಸುತ್ತ ಯೋಚಿಸಿದಳು. ಆ ಕೈ ಹತ್ತಿ ಇಳಿಯಿತು, ಈ ಕೈ ಜಾರಿತು. ಆಮೇಲೆ ನನ್ನ ಮೇಲಿದ್ದ ಕೈಯನ್ನೂ, ಜಾರುವ ಕಲ್ಲಿನ ಮೇಲೆಯೇ, ಅಲ್ಲೂ ಅಲೆ ಇದ್ದ ಹಾಗೆ, ಎತ್ತಿ ಇಳಿಸುತ್ತ ಸಾಗಿಸಿದಳು. ಅಂಚಿನಿಂದ ಅಂಚಿನವರೆಗೆ.